ಇಪ್ಪತ್ತು ಗವಸುಗಳ ಅಳತೆ

ಉಣಕಲ್ಲಿನ ಕೆರೆದಂಡೆ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ದಾನಿಯ ಹೆಸರಿಲ್ಲದ ವಸ್ತು ಹುಡುಕಿದರೂ ಸಿಗುತ್ತಿರಲಿಲ್ಲ. ಫ್ಯಾನಿನ ಮೂರು ರೆಕ್ಕೆಗಳ ಮೇಲೆ ಮೂವರು ಅಣ್ಣತಮ್ಮಂದಿರ ಹೆಸರಿದ್ದವು. ತಿರುಗಿದರೆ ಹೆಸರು ಓದಲಿಕ್ಕೆ ಬರುವುದಿಲ್ಲವೆಂದು ಆ ಫ್ಯಾನನ್ನು ಏಪ್ರಿಲ್ ತಿಂಗಳಲ್ಲೂ ಹಚ್ಚುತ್ತಿರಲಿಲ್ಲ. ಗೋಡೆಯ ಗಡಿಯಾರದ ಮುಖದ ಮೇಲೆ ಒಬ್ಬ ಕಿರಾಣಿ ವ್ಯಾಪಾರಿಯ ಅಜ್ಜನಿಂದ ಮೊಮ್ಮಗನವರೆಗೆ ಎಲ್ಲರೂ ತುಂಬಿಕೊಂಡಿದ್ದರಿಂದ, ಮುಳ್ಳು ಎಲ್ಲಿದೆಯೆಂದು ತಿಳಿಯದೆ ಹುಡುಗಿಯರು ಧಾರವಾಡದ ಬಸ್ಸು ಹೋದದ್ದನ್ನು ನೋಡಿ ಊಟದ ಹೊತ್ತು ಗೊತ್ತು ಮಾಡಿಕೊಳ್ಳುತ್ತಿದ್ದರು. ನೀರಿನ ಟಾಕಿ, ಕರಿಹಲಗೆ, ಹಲಗೆ ಒರೆಸುವ ಡಸ್ಟರು, ಯಾವುದನ್ನೂ ಬಿಟ್ಟಿರಲಿಲ್ಲ.

ಇದೆಲ್ಲ ಸಂಸ್ಥೆಯ ಚೇರ್ಮನ್ನರಾದ ಶಶಿಕಾಂತ ಅವರ ಕೃಪೆ. ಹುಬ್ಬಳ್ಳಿಯಲ್ಲಿ ಅವರದು ಸ್ಟೀಲು ಪಾತ್ರೆಯ ಹೋಲ್‌ಸೇಲ್ ಅಂಗಡಿ. ಕೊಂಡ ಪಾತ್ರೆಯ ಮೇಲೆ ಗಿರಾಕಿಯ ಹೆಸರನ್ನು ಸೂಜಿ ಮಷಿನ್ನಿನಿಂದ ಪುಕ್ಕಟೆ ಕೊರೆದುಕೊಡುವುದು ಅಂಗಡಿಯ ಖ್ಯಾತಿ. ಪಲ್ಯ ಹಾಕಿ ನೆರೆಮನೆಗೆ ಕೊಟ್ಟ ಡಬ್ಬಿ ಮೇಲೆ ಹೆಸರಿಲ್ಲದಿದ್ದರೆ ಅದು ವಾಪಸು ಬರುವುದಿಲ್ಲ, ದಾನವೂ ಅಷ್ಟೇ ಎಂಬುದು ಅವರ ಖಚಿತ ಅಭಿಪ್ರಾಯ. ದಾನ ಮಾಡಿದ ಮೇಲೆ ಅದು ವಾಪಸು ಯಾಕೆ ಬರಬೇಕೆಂದು ಅವರನ್ನು ಯಾರೂ ಕೇಳಿರಲಿಲ್ಲ.

ಈ ಶಾಲೆಯಲ್ಲಿ ಎಲ್ಲಿಯೂ ಹೆಸರು ಬರೆಸಿಕೊಳ್ಳದೆ ದುಡಿಯುತ್ತಿದ್ದವರೆಂದರೆ ಹೊಲಿಗೆ ಕಲಿಸುವ ಕಾವೇರಿ ಟೀಚರು. ೧೯೯೧ರಲ್ಲಿ ತಾತ್ಪೂರ್ತಿಕ ಎಂದು ತೆಗೆದುಕೊಂಡದ್ದು. ಹತ್ತು ವರ್ಷವಾದರೂ ಅವರು ತಾತ್ಪೂರ್ತಿಕವಾಗಿಯೇ ಉಳಿದಿದ್ದರು. ಹಾಜರಿ ಪುಸ್ತಕದಲ್ಲಿ ಎಲ್ಲರ ಹೆಸರು ಇನಿಷಿಯಲ್ ಸಮೇತ ಇದ್ದರೆ ಅವರ ಸಾಲಿನಲ್ಲಿ 'ಹೊಲಿಗೆ' ಎಂದಷ್ಟೇ ಇತ್ತು.

ಕಾವೇರಿ ಕಲಿತದ್ದೂ ಇದೇ ಶಾಲೆಯಲ್ಲಿ. ಅವರು ಹುಡುಗಿಯಾಗಿದ್ದಾಗ ಹೆಡ್‌ಮಾಸ್ತರರ ಕೋಣೆಯಲ್ಲಿ ಗಾಜಿನ ಕಪಾಟಿನೊಳಗೆ ಒಂದು ಟೈಪ್‌ರೈಟರು ಇತ್ತು. ಯಾರೋ ಪುಣ್ಯಾತ್ಮರು ಹುಡುಗಿಯರು ಕಲಿಯಲಿ ಎಂದು ಕೊಟ್ಟದ್ದು. ಹುಡುಗಿಯರು ಮುಟ್ಟಿದರೆ ಕೆಟ್ಟೀತೆಂದು ಕಪಾಟಿಗೆ ಕೀಲಿ. ಆಗಸ್ಟ್ ಹದಿನೈದಕ್ಕೊಮ್ಮೆ ಅದರ ಗಾಜು ಒರೆಸುವ ಪಾಳಿ ಕಾವೇರಿಗೆ ಬರುತ್ತಿತ್ತು. ಗಾಜಿನ ಈಚೆಯಿಂದ ಅವರು ಅದರ ಗುಂಡಿಗಳನ್ನೆಲ್ಲ ಬಾಯಿಪಾಠ ಮಾಡಿದ್ದರು. ಎಸ್ಸೆಸ್ಸೆಲ್ಸಿ ಪಾಸಾಗಿ ಹುಬ್ಬಳ್ಳಿಯ ಒಂದು ಲಾರಿ ಆಫೀಸಿಗೆ ನೌಕರಿ ಕೇಳಲು ಹೋದಾಗ ಅಲ್ಲಿದ್ದವರು, "ಟೈಪಿಂಗ್ ಬರ್ತದೇನವಾ?" ಅಂದರು. ಕಾವೇರಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು: "ನೋಡೇನ್ರಿ."

ಆಫೀಸಿಗೆ ಆಫೀಸೇ ನಕ್ಕಿತು. ಲೆಕ್ಕ ಬರೆಯುವವನು ಹೊಟ್ಟೆ ಹಿಡಿದುಕೊಂಡು ಪಕ್ಕದ ಅಂಗಡಿಯವನನ್ನೂ ಕರೆದು ಹೇಳಿದ. ಆ ನಗು ಕಾವೇರಿಯ ಕಿವಿಯಿಂದ ಹೋಗಲೇ ಇಲ್ಲ. ಆಮೇಲೆ ಹೊಲಿಗೆಯ ಡಿಪ್ಲೊಮಾ ಆಯಿತು, ರೈಲ್ವೆ ವರ್ಕ್‌ಶಾಪಿನ ಫಿಟ್ಟರ್ ಶಿದ್ದಪ್ಪನೊಂದಿಗೆ ಮದುವೆಯಾಯಿತು, ಅದೇ ಶಾಲೆಯಲ್ಲಿ ಕೆಲಸವೂ ಆಯಿತು. ಒಂದು ಹೊಲಿಗೆ ತಪ್ಪಿದರೂ ಬಿಚ್ಚಿಸಿ ಮತ್ತೆ ಹಾಕಿಸುವ, ಒಂದು ಗೇಣು ಚಿಂದಿಯನ್ನೂ ಬಿಸಾಡಗೊಡದ ಟೀಚರೆಂದು ಹುಡುಗಿಯರು ಅವರಿಗೆ ಹೆದರುತ್ತಿದ್ದರು.

ತೊಂಬತ್ತರ ದಶಕದಲ್ಲಿ ಮಕ್ಕಳ ಜ್ಞಾನ ಹೆಚ್ಚಿಸಲು ಶಾಲೆಗೆ ಏನೇನು ಬಂತೆಂದು ಹೇಳಿದರೆ ನೀವು ನಗುತ್ತೀರಿ. ಮೊದಲು ಕಟ್ಟಿಗೆಯ ಪೆಟ್ಟಿಗೆಯಲ್ಲಿ ಒಂದು ಟಿ.ವಿ. ಬಂತು. ಅದರ ಬಾಗಿಲು ತೆರೆದದ್ದು ಕ್ರಿಕೆಟ್ ವಿಶ್ವಕಪ್ಪಿಗೆ, ನೋಡಿದವರು ಕಮಿಟಿಯವರು. ಹುಡುಗಿಯರು ಅವರಿಗೆ ಚುರುಮುರಿ ತಂದುಕೊಟ್ಟರು. ಆಮೇಲೆ ನಾಲ್ಕು ಹೊಲಿಗೆ ಮಷಿನ್ನು ಬಂದವು. ಚಕ್ರದ ಪಟ್ಟಿ ತಿಕ್ಕಿ ದಾನಿಯ ಬಂಗಾರದ ಅಕ್ಷರ ಮಾಸುತ್ತವೆಂದು ಕಮಿಟಿಯವರು ಪಟ್ಟಿಗಳನ್ನೇ ಬಿಚ್ಚಿ ಕಪಾಟಿನಲ್ಲಿಟ್ಟರು. ಕಾವೇರಿ ಟೀಚರು ತಮ್ಮ ಕೈಯಿಂದ ನಾಲ್ಕು ಪಟ್ಟಿ ತಂದು ಬೆಳಗ್ಗೆ ಹಾಕಿ ಸಂಜೆ ಬಿಚ್ಚಿ ಚೀಲದಲ್ಲಿ ಮನೆಗೆ ಒಯ್ಯತೊಡಗಿದರು. ಆರು ವರ್ಷ ಹೀಗೇ ನಡೆಯಿತು, ಯಾರಿಗೂ ತಿಳಿಯಲಿಲ್ಲ.

೨೦೦೧ರಲ್ಲಿ ಧಾರವಾಡದ ಒಂದು ಟ್ರಸ್ಟಿನಿಂದ ಪತ್ರ ಬಂತು. ಹೆಡ್‌ಮಾಸ್ತರ್ ದತ್ತು ಅವರು ಧಾರವಾಡದ ಮಾಳಮಡ್ಡಿಯವರು. ದಿನಾ ಬಸ್ಸಿನಲ್ಲಿ ಬಂದುಹೋಗುವ, ಯಾರ ಮನಸ್ಸನ್ನೂ ನೋಯಿಸದ, ಅದಕ್ಕಾಗಿಯೇ ಯಾವ ಕೆಲಸವನ್ನೂ ಮಾಡದ ಮನುಷ್ಯ. ಸ್ಟಾಫ್ ರೂಮಿನಲ್ಲಿ ಕನ್ನಡಕ ಏರಿಸಿ ಪತ್ರ ಓದಿದರು. ಎಂಟು ಕಂಪ್ಯೂಟರು ಕೊಡುತ್ತಾರೆ. ಕೀಬೋರ್ಡು, ಮೌಸು, ಮೇಜು, ಕುರ್ಚಿ, ಬ್ಯಾಟರಿ ಇವೆಲ್ಲ ಊರವರ ಪಾಲು. ಎರಡು ವರ್ಷದ ಮೇಲೆ ಬಂದು ನೋಡುತ್ತಾರೆ. ಮಕ್ಕಳು ಬಳಸಿದ್ದರೆ ಇನ್ನೂ ಇಪ್ಪತ್ತು ಯಂತ್ರ, ಜೊತೆಗೆ ಒಬ್ಬ ಶಿಕ್ಷಕರಿಗೆ ಐದು ವರ್ಷದ ಪಗಾರ. ಬಳಸದಿದ್ದರೆ ಕೊಟ್ಟ ಎಂಟನ್ನೂ ಹೊತ್ತೊಯ್ಯುತ್ತಾರೆ.

"ಒಬ್ಬರು ಟ್ರೇನಿಂಗಿಗೆ ಹೋಗಬೇಕಂತ. ಯಾರ ಹೋಗ್ತೀರಿ?" ಎಂದು ದತ್ತು ಮಾಸ್ತರರು ಕೇಳಿದರು.

ಗಣಿತದವರಿಗೆ ಟ್ಯೂಷನ್ ಇತ್ತು. ವಿಜ್ಞಾನದವರಿಗೆ ರಿಟೈರಾಗಲು ಮೂರು ವರ್ಷವಷ್ಟೇ ಉಳಿದಿತ್ತು, ಈಗ ಕಲಿತರೆ ಕಲಿತದ್ದು ಹಾಳು. ಇಂಗ್ಲಿಷಿನವರಿಗೆ ಕರೆಂಟಿನ ಭಯ. ಕಡೆಗೆ ಎಲ್ಲರೂ ಒಮ್ಮೆಲೇ ಕಾವೇರಿಯ ಕಡೆ ನೋಡಿದರು.

"ಕಾವೇರಿಬಾಯಾರು ಹೋಗಲಿ ಬಿಡ್ರಿ," ಎಂದರು ಗಣಿತದವರು. "ಹತ್ತ ವರ್ಷದಿಂದ ಮಷಿನ್ ನಡಸ್ತಾರ. ಅದೂ ಮಷಿನ್ನ, ಇದೂ ಮಷಿನ್ನ."

ಹೀಗೆ ಕಾವೇರಿ ಟೀಚರು ಮೂರು ವಾರ ಧಾರವಾಡಕ್ಕೆ ಹೋಗಿಬಂದರು. ಮೊದಲ ದಿನ ಕೀಬೋರ್ಡಿನ ಮೇಲೆ ಬೆರಳಿಟ್ಟರು. ಗುಂಡಿಗಳು ಇದ್ದಲ್ಲಿಯೇ ಇದ್ದವು. ಗಾಜಿನ ಕಪಾಟಿನ ಆ ಟೈಪ್‌ರೈಟರಿನ ಸಾಲುಗಳೇ. ಇಪ್ಪತ್ತೆರಡು ವರ್ಷದ ಮೇಲೆ ಅವರ ಬೆರಳಿಗೆ ಅವು ಸಿಕ್ಕಿದ್ದವು. ಆ ಸಂಜೆ ಬಸ್ಸಿನಲ್ಲಿ ಅವರು ಹಿಗ್ಗಿ ತಮ್ಮಷ್ಟಕ್ಕೆ ನಗುತ್ತ ಬಂದರು. ಮನೆಯಲ್ಲಿ ಶಿದ್ದಪ್ಪನಿಗೆ, "ನನ್ನ ಕೈಯಾಗ ಕಲ್ತು ಹ್ವಾದ ಯಾ ಹುಡುಗೀನೂ ಇನ್ನ ಮ್ಯಾಲ 'ನೋಡೇನ್ರಿ' ಅಂತ ಅನಬಾರದು ನೋಡ್ರಿ," ಎಂದರು. ಅವರಿಗೆ ಬೇಕಾಗಿದ್ದುದು ಇಷ್ಟೇ.

ಅತ್ತ ಊರವರ ಪಾಲು ಕೂಡಿಸುವ ಕೆಲಸ ಜೋರಾಗಿ ನಡೆಯಿತು. ಕೊಡುವವರಿಗೆ ಬರ ಇರಲಿಲ್ಲ, ಹೆಸರು ಬರೆಯುವ ಜಾಗಕ್ಕೆ ಬರ ಬಂತು. ಮೇಜಿನ ಕಾಲು ನಾಲ್ಕೂ ಬೇರೆ ಬೇರೆ ಮನೆತನಕ್ಕೆ ಹಂಚಿಹೋದವು. ಕೀಬೋರ್ಡುಗಳನ್ನು ಊರಿನ ಎಂಟು ದೊಡ್ಡ ಕುಳಗಳು ಹಿಡಿದುಕೊಂಡವು. ಮೊದಲನೆಯದು ಶಶಿಕಾಂತ ಅವರದೇ, ತೀರಿಕೊಂಡ ತಾಯಿ ದುರಗವ್ವನ ನೆನಪಿಗೆ. ಬೋರ್ಡು ಬರೆಯುವ ಗುಲಾಬಸಾಬ ಬಣ್ಣದ ಡಬ್ಬಿ ಹಿಡಿದು ಕೀಬೋರ್ಡಿನ ಮುಂದೆ ಅರ್ಧ ತಾಸು ಕುಕ್ಕರಗಾಲಿನಲ್ಲಿ ಕೂತ.

"ಸಾಹೇಬ್ರ, ಇದರಾಗ ಎಲ್ಲಾ ಕಡೆ ಮೊದಲ ಏನೇನೋ ಬರದು ಇಟ್ಟಾರ್ರಿ," ಎಂದ. "ಖಾಲಿ ಇರೂದು ಈ ತಳಗಿನ ಉದ್ದನ ಗುಂಡಿ ಒಂದ."

ಪದಗಳ ನಡುವೆ ಜಾಗ ಬಿಡಲು ಒತ್ತುವ ಆ ಉದ್ದ ಗುಂಡಿಯ ಮೇಲೆ ಗುಲಾಬಸಾಬ ಕೂದಲೆಳೆಯ ಬ್ರಷ್ಷಿನಿಂದ ಕೆಂಪು ಬಣ್ಣದಲ್ಲಿ 'ದಿ. ದುರಗವ್ವ ಸ್ಮರಣಾರ್ಥ' ಎಂದು ಬರೆದ. ಎಷ್ಟು ಚಂದ ಬರೆದನೆಂದರೆ ಉಳಿದ ಏಳು ದಾನಿಗಳೂ ಅದೇ ಗುಂಡಿ ಬೇಕೆಂದು ಹಟ ಹಿಡಿದರು. ಎಲ್ಲ ಗುಂಡಿಗಳಲ್ಲಿ ಹೆಚ್ಚು ಏಟು ತಿನ್ನುವುದು ಅದೇ ಎಂದು ಕಾವೇರಿ ಟೀಚರು ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಎಲ್ಲರೂ ಎದ್ದು ಫೋಟೋಕ್ಕೆ ನಿಂತಾಗಿತ್ತು.

ಉದ್ಘಾಟನೆ ಭರ್ಜರಿಯಾಯಿತು. ಪ್ರತಿ ಕಂಪ್ಯೂಟರಿನ ಹಣೆಗೂ ಕುಂಕುಮ, ಕೊರಳಿಗೆ ಸೇವಂತಿಗೆ ಮಾಲೆ. ಚಪ್ಪಲಿ ಹೊರಗೆ. ಭಾಷಣ ಮಾಡಿದ ಐದು ಜನರಲ್ಲಿ ನಾಲ್ವರು ಇಪ್ಪತ್ತೊಂದನೆಯ ಶತಮಾನ ಬಂದಿದೆಯೆಂದು ತಿಳಿಸಿದರು. ಐದನೆಯವರು ಶಶಿಕಾಂತರು. ಅವರು ಮುಂದೆ ಬಂದು ಎಲ್ಲರೆದುರಿಗೆ, "ಟ್ರಸ್ಟಿನವರು ಪಾಸ್ ಮಾಡಿದ್ರ ನಮ್ಮ ಕಾವೇರಿ ಟೀಚರನ್ನ ಕಂಪ್ಯೂಟರ್ ಟೀಚರ್ ಅಂತ ಕಾಯಂ ಮಾಡ್ತೇವಿ," ಎಂದರು. ಚಪ್ಪಾಳೆ ಬಿತ್ತು. ಕಾವೇರಿ ತಲೆ ತಗ್ಗಿಸಿ ಸೆರಗಿನ ಅಂಚನ್ನು ಹಿಡಿದುಕೊಂಡರು. ನಿಜ ಹೇಳಬೇಕೆಂದರೆ ಅವರು ಆ ಮಾತನ್ನು ನಂಬಿದರು.

ಹದಿನೈದು ದಿನ ಕ್ಲಾಸು ನಡೆಯಿತು. ಒಂಬತ್ತು ಮತ್ತು ಹತ್ತನೆಯ ಹುಡುಗಿಯರು ಪಾಳಿ ಹಚ್ಚಿ ಕೂತು ಕೆರೆದಂಡೆಯ ಮೇಲೆ ಬಂದ ಹೊಸ ಹಕ್ಕಿಗಳ ಹಾಗೆ ಗದ್ದಲ ಹಾಕಿ ಕಲಿತರು. ಹದಿನಾರನೆಯ ದಿನ ಸೋಮವಾರ. ಶಶಿಕಾಂತರು ತಾಯಿಯ ಹೆಸರು ನೋಡಿಹೋಗಲು ಬಂದರು. ಕೀಬೋರ್ಡಿನ ಮೇಲೆ ಬಗ್ಗಿದವರು ಬಗ್ಗಿದಲ್ಲೇ ನಿಂತರು. 'ದಿ.' ಉಳಿದಿತ್ತು. ದುರಗವ್ವನ ನಟ್ಟನಡುವೆ ಹೆಬ್ಬೆರಳಗಲ ಬಣ್ಣ ಎದ್ದುಹೋಗಿತ್ತು.

"ನಮ್ಮವ್ವನ ಹೆಸರ ಎಲ್ಲಿ ಹೋತ್ರಿ ಟೀಚರ್?"

"ಹುಡುಗ್ಯಾರ ಬೆರಳಿಗೆ ಹತ್ತಿ ಹೋಗೇತ್ರಿ ಸಾಹೇಬ್ರ. ಆ ಗುಂಡಿ ಒತ್ತಲಾರದ ಬರಿಯಾಕ ಬರೂದಿಲ್ರಿ."

"ಹದಿನೈದ ದಿನದಾಗ ನಮ್ಮವ್ವನ್ನ ಅಳಿಸಿದ್ರಿ!" ಶಶಿಕಾಂತರ ಕಣ್ಣಲ್ಲಿ ನೀರೇ ಬಂತು. ಅದು ಕಳ್ಳ ನೀರಲ್ಲ, ತಾಯಿಯ ಮೇಲೆ ಅವರಿಗೆ ಪ್ರೀತಿ ಇತ್ತು. ಆ ತಾಯಿಗೆ ಸಹಿ ಮಾಡಲೂ ಬರುತ್ತಿರಲಿಲ್ಲ, ಹುಡುಗಿಯರು ಓದಲೆಂದು ಈ ಶಾಲೆಗೆ ಜಾಗ ಕೊಟ್ಟವಳು ಅವಳೇ. ಅದು ಮಾತ್ರ ಮಗನ ನೆನಪಿನಿಂದ ಪೂರ್ತಿ ಅಳಿಸಿಹೋಗಿತ್ತು.

ಕಮಿಟಿ ತುರ್ತಾಗಿ ಕೂಡಿತು. ಎಂಟೂ ದಾನಿಗಳು ಬಂದು ತಮ್ಮ ತಮ್ಮ ಹಿರಿಯರ ಗತಿಯನ್ನು ನೋಡಿ ಮಮ್ಮಲ ಮರುಗಿದರು. ಗುಲಾಬಸಾಬನಿಂದ ಮತ್ತೆ ಬರೆಸಬೇಕು, ಇನ್ನು ಮುಂದೆ ಹುಡುಗಿಯರು ಕಂಪ್ಯೂಟರನ್ನು ನೋಡಿ ಕಲಿಯಬೇಕು, ಮುಟ್ಟಬಾರದು ಎಂದು ಠರಾವು ಪಾಸಾಯಿತು.

"ಟ್ರಸ್ಟಿನವರು ಬಳಸಬೇಕು ಅಂದಾರಲ್ರಿ?" ಎಂದು ಕಾವೇರಿ ಟೀಚರು ಕೇಳಿದರು.

ದತ್ತು ಮಾಸ್ತರರು ಗಂಟಲು ಸರಿಮಾಡಿಕೊಂಡರು. "ನೋಡೋದೂ ಒಂಥರಾ ಬಳಸೋದೇ ಆಗ್ತದ ಬಾಯಾರ. ದೇವರನ್ನ ನಾವು ನೋಡಿ ಬರೋದಿಲ್ಲೇನು?"

ಮರುದಿನ ಹುಡುಗಿಯರು ಕೈಕಟ್ಟಿ ಸಾಲಾಗಿ ಬಂದು ಎಂಟು ಕಂಪ್ಯೂಟರುಗಳ ಪ್ರದಕ್ಷಿಣೆ ಹಾಕಿ ಹೋದರು. ಹೊರಗೆ ಚಪ್ಪಲಿ ಮೆಟ್ಟುತ್ತಿದ್ದ ಒಬ್ಬಳನ್ನು ಇನ್ನೊಬ್ಬಳು, "ಇವತ್ತ ಏನ್ ಕಲಿಸಿದ್ರ?" ಎಂದು ಕೇಳಿದಳು. "ಕಲಿಸಿಲ್ಲ, ನೋಡೇವಿ," ಎಂದಳು ಅವಳು. ಬಾಗಿಲಲ್ಲಿ ನಿಂತಿದ್ದ ಕಾವೇರಿಗೆ ಆ ಲಾರಿ ಆಫೀಸಿನ ನಗು ಕೇಳಿಸಿದಂತಾಗಿ ಮೈಯೆಲ್ಲ ಉರಿಯಿತು. ತನ್ನನ್ನು ಹಾಳುಮಾಡಿದ ಗಾಜಿನ ಕಪಾಟನ್ನು ಈಗ ತನ್ನ ಕೈಯಿಂದಲೇ ಕಾಯಿಸುತ್ತಿದ್ದಾರೆ ಎಂದು ಸಿಟ್ಟು ಬಂತು.

ಸಿಟ್ಟು ಬಂದಾಗ ಕಾವೇರಿ ಟೀಚರು ಬೈಯುವವರಲ್ಲ, ಹೊಲಿಯುವವರು. ಆ ಭಾನುವಾರ ಹುಬ್ಬಳ್ಳಿಯ ದುರ್ಗದಬೈಲು ಪೇಟೆಗೆ ಹೋಗಿ, ಊಟದ ಮೇಜಿಗೆ ಹಾಸುವ ತೆಳ್ಳಗಿನ ಪಾರದರ್ಶಕ ಪ್ಲಾಸ್ಟಿಕ್ಕು ನಾಲ್ಕು ಮೀಟರ್ ತಂದರು. ಪ್ಲಾಸ್ಟಿಕ್ಕು ಸೂಜಿಗೆ ಅಂಟುತ್ತದೆ, ಅದಕ್ಕೆ ಕೆಳಗೆ ಹಳೆಯ ಪೇಪರು ಇಟ್ಟು ಹೊಲಿದರು, ಸುತ್ತ ಬಟ್ಟೆಯ ಅಂಚು ಕೊಟ್ಟು ಇಲಾಸ್ಟಿಕ್ಕು ಪೋಣಿಸಿದರು. ಕೀಬೋರ್ಡಿಗೆ ಅಂಗಿ ತೊಡಿಸಿದಂತೆ ಕೂತಿತು. ಸೋಮವಾರ ಶಶಿಕಾಂತರು ಬಂದಾಗ ಅವರ ಎದುರಿಗೇ ಆ ಉದ್ದ ಗುಂಡಿಯನ್ನು ನೂರು ಸಲ ಕುಟ್ಟಿ ತೋರಿಸಿದರು. ದುರಗವ್ವ ಕದಲಲಿಲ್ಲ.

ಶಶಿಕಾಂತರಿಗೆ ಇದು ಕೂಡಲೇ ಮನಸ್ಸಿಗೆ ಬಂತು. ಅವರ ಮಾರುತಿ ಕಾರಿನ ಸೀಟಿಗೆ ಕಂಪನಿಯವರು ಹಾಕಿದ ಪ್ಲಾಸ್ಟಿಕ್ಕನ್ನು ಏಳು ವರ್ಷವಾದರೂ ಬಿಚ್ಚಿರಲಿಲ್ಲ. ಬೇಸಿಗೆಯಲ್ಲಿ ಬೆನ್ನು ಅಂಟಿಕೊಂಡರೂ ಅದರ ಮೇಲೆಯೇ ಕೂತು ಅವರು ಹುಬ್ಬಳ್ಳಿಗೆ ಹೋಗುತ್ತಿದ್ದರು. "ಛಲೋ ಐಡಿಯಾ ನೋಡ್ರಿ," ಎಂದರು. "ಹಂಗಾದ್ರ ಮುಟ್ಲಿ. ನಮ್ಮವ್ವಗ ಧಕ್ಕಿ ಆಗಲಾರದಂಗ ಮುಟ್ಲಿ."

ಅಂದಿನಿಂದ ಪ್ರತಿ ಹುಡುಗಿ ಹೊಲಿಗೆ ಪಿರಿಯಡ್ಡಿನಲ್ಲಿ ತನ್ನದೇ ಒಂದು ಕೀಬೋರ್ಡು ಅಂಗಿ ಹೊಲಿದುಕೊಂಡಳು. ಗುರುತು ಸಿಗಲೆಂದು ಅದರ ಅಂಚಿನಲ್ಲಿ ಸರಪಳಿ ಹೊಲಿಗೆಯಲ್ಲಿ ತನ್ನ ಹೆಸರು ಹಾಕಿದಳು. ಕಂಪ್ಯೂಟರ್ ಪಾಳಿ ಬಂದಾಗ ಅದನ್ನು ತೊಡಿಸಿ ಟೈಪು ಮಾಡುವುದು, ಮುಗಿದ ಮೇಲೆ ಕಳಚಿ ಮಡಚಿಡುವುದು. ತಿಂಗಳೊಪ್ಪತ್ತಿನಲ್ಲಿ ಹೆಬ್ಬೆರಳು ಬೀಳುವಲ್ಲಿ ಪ್ಲಾಸ್ಟಿಕ್ಕು ತೂತಾಗುತ್ತಿತ್ತು. ತೂತಾದದ್ದನ್ನು ಟೀಚರಿಗೆ ಒಪ್ಪಿಸಿ ಹೊಸದು ಹೊಲಿಯಬೇಕು. ಹಳೆಯದನ್ನು ಬಿಸಾಡುವ ಮಾತೇ ಇಲ್ಲ. ಅಂಚಿನ ಬಟ್ಟೆ ಯಾವುದಕ್ಕಾದರೂ ಬಂದೀತೆಂದು ಕಾವೇರಿ ಟೀಚರು ಅವನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಹೊಲಿಗೆ ಕೋಣೆಯ ಮೂಲೆಗೆ ಒತ್ತಿದರು. ಎರಡು ವರ್ಷದಲ್ಲಿ ಚೀಲ ಎರಡಾದವು.

೨೦೦೩ರ ಡಿಸೆಂಬರಿನಲ್ಲಿ ಟ್ರಸ್ಟಿನವರು ಪರೀಕ್ಷೆಗೆ ಬರುವ ದಿನ ಗೊತ್ತಾಯಿತು. ಬರುವವರು ಸಂಪದಾ ಎಂಬ ಹೆಣ್ಣುಮಗಳು. ಅದುವರೆಗೆ ಇಪ್ಪತ್ತು ಶಾಲೆ ಸುತ್ತಿ ಹದಿನೇಳು ಕಡೆ ಯಂತ್ರಗಳನ್ನು ವಾಪಸು ಎತ್ತಿಸಿದ್ದಾಳೆಂದು ಸುದ್ದಿ. ಕಾವೇರಿ ಟೀಚರು ಹುಡುಗಿಯರಿಗೆ ಪತ್ರ ಬರೆಯುವುದು, ಕೋಷ್ಟಕ ಹಾಕುವುದು ಎಲ್ಲ ತಿದ್ದಿ ತೀಡಿಸಿದ್ದರು. ಕಮಿಟಿ ಸ್ವಾಗತ ಗೀತೆ ತಿದ್ದಿಸಿತ್ತು.

ಆ ದಿನ ಬೆಳಗ್ಗೆ ಕಾವೇರಿ ಶಾಲೆಗೆ ಬರುವಷ್ಟರಲ್ಲಿ ಎರಡು ಅನಾಹುತ ಆಗಿಹೋಗಿದ್ದವು. ಮೊದಲನೆಯದು, ಕರೆಂಟು ಹೋಗಿತ್ತು. ಅದಕ್ಕೆಂದೇ ಬ್ಯಾಟರಿ ಇತ್ತಲ್ಲ ಎಂದರೆ, ಬ್ಯಾಟರಿ ಶಶಿಕಾಂತರ ಮನೆಯಲ್ಲಿತ್ತು. ಅವರ ಮಗಳ ನಿಶ್ಚಿತಾರ್ಥ ಹಿಂದಿನ ದಿನ ಆಗಿತ್ತು, ದೀಪದ ಸರಕ್ಕೆ ಒಯ್ದದ್ದು ಇಳಿದುಹೋಗಿತ್ತು. ಎರಡನೆಯದು, ಹೆಸರುಗಳು ಝಗಝಗ ಕಾಣಲಿ ಎಂದು ಶಶಿಕಾಂತರು ಕೀಬೋರ್ಡುಗಳ ಅಂಗಿಯನ್ನೆಲ್ಲ ಕಳಚಿಸಿ ಒಳಗಿಡಿಸಿ, ಎಣ್ಣೆ ಹಚ್ಚಿ ಒರೆಸಿದ್ದರು.

ಸಂಪದಾ ಒಳಗೆ ಬಂದಳು. ಅಗರಬತ್ತಿಯ ವಾಸನೆ. ಸತ್ತಂತೆ ಕೂತ ಎಂಟು ಕಂಪ್ಯೂಟರು. ಕೈಕಟ್ಟಿ ನಿಂತ, ಮುಡಿಗೆ ಅಬ್ಬಲಿಗೆ ಮುಡಿದ ಹುಡುಗಿಯರು. ಶಶಿಕಾಂತರು ಮುಂದೆ ಬಂದು ಎದೆಯುಬ್ಬಿಸಿ ಹೇಳಿದರು:

"ನೋಡ್ರಿ ಮೇಡಂ, ಎರಡ ವರ್ಷ ಆತು. ಒಂದ್ ಅಕ್ಷರ ಅಳಿಸಿಲ್ಲ! ಬಂದಾಗ ಹೆಂಗಿದ್ದೂ ಹಂಗ ಇಟ್ಟೇವಿ."

ಇದಕ್ಕಿಂತ ಚೆನ್ನಾಗಿ ತನ್ನ ಕುತ್ತಿಗೆಯನ್ನು ತಾನೇ ಒಪ್ಪಿಸಿದ ಮನುಷ್ಯನನ್ನು ಸಂಪದಾ ಆ ಹದಿನೇಳು ಶಾಲೆಯಲ್ಲೂ ಕಂಡಿರಲಿಕ್ಕಿಲ್ಲ. ಅವಳು ಬಗ್ಗಿ ಒಂದೊಂದೇ ಕೀಬೋರ್ಡಿನ ಉದ್ದ ಗುಂಡಿ ನೋಡಿದಳು. ಎಂಟೂ ಹೊಸ ಮದುಮಗನ ಹಾಗೆ ಮಿರಿಮಿರಿ ಮಿಂಚುತ್ತಿದ್ದವು. "ಖರೇ ಅದ," ಎಂದಳು ತಣ್ಣಗೆ. "ಯಾರೂ ಮುಟ್ಟಿದ್ಹಾಂಗ ಕಾಣ್ಸೋದಿಲ್ಲ." ಫೈಲಿನಲ್ಲಿ ಏನೋ ಬರೆದು ಪೆನ್ನಿನ ಮುಚ್ಚಳ ಹಾಕಿದಳು. ಶಶಿಕಾಂತರು ಅದನ್ನು ಹೊಗಳಿಕೆಯೆಂದು ತಿಳಿದು ಚಹಾಕ್ಕೆ ಹೇಳಿಕಳಿಸಿದರು.

ಕಾವೇರಿ ಟೀಚರಿಗೆ ಎಲ್ಲ ಕಣ್ಣಿಗೆ ಕಟ್ಟಿತು: ಎರಡು ವರ್ಷದ ದುಡಿಮೆ, ನಾಳೆ ಲಾರಿಯಲ್ಲಿ ಹೊರಟುಹೋಗುವ ಎಂಟು ಯಂತ್ರ, ಮುಂದಿನ ವರ್ಷ ಬರುವ ಹುಡುಗಿಯರು. ಅವರು ಸರಸರ ಹೊಲಿಗೆ ಕೋಣೆಗೆ ಹೋಗಿ ಎರಡೂ ಗೋಣಿಚೀಲಗಳನ್ನು ನೆಲಕ್ಕೆ ಎಳೆಯುತ್ತ ತಂದು ಸಂಪದಾಳ ಕಾಲ ಬುಡದಲ್ಲಿ ಬೋರಲು ಹಾಕಿದರು. ಪ್ಲಾಸ್ಟಿಕ್ಕಿನ ರಾಶಿ ಸರ್ರನೆ ಜಾರಿ ಕುರ್ಚಿಯ ಕೆಳಗೆಲ್ಲ ಹರಡಿತು.

"ಏ, ಚಿಂದಿ ಯಾಕ ತಂದ್ರಿ ಇಲ್ಲಿ!" ಎಂದು ಶಶಿಕಾಂತರು ಹೌಹಾರಿದರು.

"ನೋಡ್ರಿ ಮೇಡಂ," ಎಂದರು ಕಾವೇರಿ ಟೀಚರು. "ಗುಂಡಿ ಮ್ಯಾಲಿನ ಹೆಸರ ಉಳದಾವಂದ್ರ ಇವು ಹರದಾವ್ರಿ. ಒಂದ ಎತ್ತಿ ಹಾಕಿ ನೋಡ್ರಿ."

ಸಂಪದಾ ಒಂದನ್ನು ಎತ್ತಿ ಕೀಬೋರ್ಡಿಗೆ ತೊಡಿಸಿದಳು. ಹರಿದ ತೂತು ಸರಿಯಾಗಿ ದುರಗವ್ವನ ನಡು ಅಕ್ಷರದ ಮೇಲೆ ಕೂತಿತು. ಇನ್ನೊಂದನ್ನು ತೊಡಿಸಿದಳು, ಮತ್ತೊಂದನ್ನು ತೊಡಿಸಿದಳು. ಎಲ್ಲದರ ತೂತೂ ಅಲ್ಲಿಯೇ. ಅಂಚಿನ ಹೆಸರುಗಳನ್ನು ಓದತೊಡಗಿದಳು. ಅವು ಊರಿನ ಯಾವ ಕಲ್ಲಿನ ಮೇಲೂ ಇಲ್ಲದ, ಹಮಾಲರ, ಹಾಲು ಮಾರುವವರ, ಕೂಲಿಯವರ ಮಕ್ಕಳ ಹೆಸರುಗಳು. ಓದುತ್ತ ಓದುತ್ತ, "ಲಾಲಬಿ ಯಾರು?" ಎಂದಳು.

ಸಾಲಿನಿಂದ ಒಬ್ಬ ಸಣಕಲು ಹುಡುಗಿ ಮುಂದೆ ಬಂದಳು. ಸಂಪದಾ ಕುರ್ಚಿ ತೋರಿಸಿದಳು. ಲಾಲಬಿ ಕೂತು ತನ್ನ ಹರಕು ಅಂಗಿಯನ್ನು ಕೀಬೋರ್ಡಿಗೆ ಎಳೆದು ತೊಡಿಸಿ, ಕತ್ತಲೆ ಪರದೆಯ ಎದುರು ಕತ್ತೆತ್ತಿ ಸಂಪದಾಳ ಮುಖವನ್ನೇ ನೋಡುತ್ತ ಹತ್ತೂ ಬೆರಳಿನಿಂದ ಪಟಪಟ ಹೊಡೆದಳು.

"ಏನ ಬರದೀ?"

"ನನ್ನ ಹೆಸರ್ರಿ, ನಮ್ಮ ಸಾಲಿ ಹೆಸರ್ರಿ. ಆಮ್ಯಾಲೆ, ಕರೆಂಟ್ ಇಲ್ಲ, ಬ್ಯಾಟರಿ ಚೇರ್ಮನ್ರ ಮನ್ಯಾಗ ಐತಿ ಅಂತ ಬರದೇನ್ರಿ."

ಸಂಪದಾ ಪೆನ್ನಿನ ಮುಚ್ಚಳ ತೆಗೆದು ಮೊದಲು ಬರೆದದ್ದನ್ನು ಉದ್ದಕ್ಕೆ ಹೊಡೆದುಹಾಕಿದಳು. ಹೋಗುವಾಗ ಏಳೆಂಟು ಹರಕು ಅಂಗಿ ಕೇಳಿ ಒಯ್ದಳು. ಕಾವೇರಿ ಟೀಚರು ಅಂದು ಮನೆಗೆ ಹೋಗಿ ಶಿದ್ದಪ್ಪನಿಗೆ ಹೋಳಿಗೆ ಮಾಡಿ ಬಡಿಸಿದರು.

ಮಾರ್ಚಿನಲ್ಲಿ ಮಂಜೂರಾತಿ ಬಂತು. ಇಪ್ಪತ್ತು ಕಂಪ್ಯೂಟರು, ಒಬ್ಬ ಶಿಕ್ಷಕರ ಐದು ವರ್ಷದ ಪಗಾರ. ಟ್ರಸ್ಟಿನ ವಾರ್ಷಿಕ ವರದಿಯ ರಟ್ಟಿನ ಮೇಲೆ ಹರಕು ಪ್ಲಾಸ್ಟಿಕ್ಕಿನ ಬಣ್ಣದ ಫೋಟೋ, ಕೆಳಗೆ 'ಶ್ರೀ ಶಶಿಕಾಂತ ಅವರ ನೇತೃತ್ವದಲ್ಲಿ ಸಮುದಾಯದ ಸಹಭಾಗಿತ್ವ' ಎಂದಿತ್ತು. ವರದಿಯ ಒಳಗೆ ಸಂಪದಾ 'ಹೊಲಿಗೆ ಶಿಕ್ಷಕಿಯೊಬ್ಬರು' ಎಂದು ಬರೆದಿದ್ದಳಂತೆ, ಜಾಗ ಸಾಲದೆ ಆ ಸಾಲು ಬಿಟ್ಟುಹೋಗಿತ್ತು. ಶಿಕ್ಷಕರ ನೇಮಕಾತಿಯನ್ನು ಟ್ರಸ್ಟು ಸಂಸ್ಥೆಗೆ ಬಿಟ್ಟಿತ್ತು, ಪದವಿ ಇರಬೇಕು ಎಂಬುದಷ್ಟೇ ಷರತ್ತು.

ಕಾವೇರಿಗೆ ಪದವಿ ಇರಲಿಲ್ಲ. ಕಪಿಲನಿಗೆ ಇತ್ತು. ಕಪಿಲ ಯಾರೆಂದರೆ, ಯಾವ ನಿಶ್ಚಿತಾರ್ಥದ ದೀಪದ ಸರಕ್ಕೆ ಶಾಲೆಯ ಬ್ಯಾಟರಿ ಉರಿದುಹೋಯಿತೋ ಆ ನಿಶ್ಚಿತಾರ್ಥದ ವರ. ಶಶಿಕಾಂತರ ಭಾವೀ ಅಳಿಯ.

ಕರೆಸಿಕೊಂಡು ವಿಷಯ ತಿಳಿಸಿದವರು ದತ್ತು ಮಾಸ್ತರರು. ಮೇಜಿನ ಮೇಲಿನ ಪೇಪರ್‌ವೇಟು ತಿರುಗಿಸುತ್ತ, "ನಿಮ್ಮ ಸೇವಾ ಎಲ್ಲಾರಿಗೂ ಗೊತ್ತದ ಬಾಯಾರ. ನಿಯಮ ಅದ, ಏನ್ ಮಾಡ್ಲಿಕ್ಕಾಗ್ತದ," ಎಂದರು. ಕಾವೇರಿ ಹೊಲಿಗೆ ಕೋಣೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತರು. ಎಲ್ಲರೆದುರಿಗೆ ಆಡಿದ ಮಾತಿಗೆ ಇವರ ಹತ್ತಿರ ಎಣ್ಣೆ ಬತ್ತಿಯ ಬೆಲೆಯೂ ಇಲ್ಲವಲ್ಲ ಎಂದು ಅತ್ತರು. ಅದಕ್ಕಿಂತ ಹೆಚ್ಚಾಗಿ, ಅದನ್ನು ನಂಬಿದ ತಮ್ಮ ಮೇಲೆ ಸಿಟ್ಟು ಬಂದು ಅತ್ತರು.

ಜೂನಿನಲ್ಲಿ ಕಪಿಲ ಸರ್ ಬಂದರು. ಹೊಸ ಕೋಣೆ, ಹೊಸ ಬಾಗಿಲು, ಬಾಗಿಲಿಗೆ ಹೊಸ ಕೀಲಿ. ಹಳೆಯ ಎಂಟು ಯಂತ್ರಗಳೂ ಅದರೊಳಗೇ ಮೂಲೆ ಸೇರಿದವು. ಹುಡುಗಿಯರು ಯಂತ್ರ ಕೆಡಿಸಿದರೆ ಜವಾಬ್ದಾರಿ ಯಾರದೆಂದು ಅವರು ಮೊದಲ ದಿನವೇ ಕೇಳಿದರು. ಅದಕ್ಕೆ ಉತ್ತರ ಸಿಗುವವರೆಗೆ ಬಾಗಿಲು ತೆಗೆಯಲಿಲ್ಲ. ಬೆಳಗ್ಗೆ ಸಹಿ ಹಾಕಿ ಮಧ್ಯಾಹ್ನದ ಹೊತ್ತಿಗೆ ಮಾವನ ಅಂಗಡಿಗೆ ಹೋಗಿ ಪಾತ್ರೆಯ ವ್ಯಾಪಾರ ಕಲಿಯುತ್ತಿದ್ದರು. ಲಾಲಬಿಯ ತಂಗಿಯ ವಯಸ್ಸಿನ ಹುಡುಗಿಯರು ಕಿಟಕಿಯ ಸರಳು ಹಿಡಿದು ಒಳಗೆ ಇಣುಕಿ ಹೋಗತೊಡಗಿದರು.

ಒಂದು ಸೋಮವಾರ ಶಶಿಕಾಂತರು ಕಾವೇರಿ ಟೀಚರನ್ನು ಕರೆಸಿದರು.

"ಟೀಚರ್, ಹೊಸಾ ಇಪ್ಪತ್ತ ಕಂಪ್ಯೂಟರಿಗೂ ಮಖಮಲ್ ಗವಸು ಹೊಲೀರಿ. ಅಂಚಿಗೆ ಝಾಲರ ಇರ್ಲಿ, ದಾನಿಗಳ ಹೆಸರ ಕಸೂತ್ಯಾಗ ಬರ್ಲಿ. ಧೂಳ ಬೀಳಬಾರದು ನೋಡ್ರಿ."

ಕಾವೇರಿ ಬಲು ವಿನಯದಿಂದ, "ಹೊಲೀತೇನ್ರಿ," ಎಂದರು. "ಅಳತಿ ತಗೋಬೇಕಾಗ್ತೈತ್ರಿ. ಕೀಲಿಕೈ ಕೊಡ್ತೀರೇನ್ರಿ?"

ಅಳತೆಗೆ ಕೀಲಿಕೈ ಬೇಕೆಂಬುದು ನ್ಯಾಯವಾದ ಮಾತು. ಕೊಟ್ಟರು. ಅಳತೆಯ ಟೇಪು ಹಿಡಿಯಲು ಇನ್ನೊಂದು ತುದಿಗೆ ಒಬ್ಬರು ಬೇಕು, ಅದೂ ನ್ಯಾಯ. ಇಪ್ಪತ್ತು ಯಂತ್ರಕ್ಕೆ ಇಪ್ಪತ್ತು ಹುಡುಗಿಯರು ಬೇಕೆಂಬುದನ್ನು ಯಾರೂ ಲೆಕ್ಕ ಹಾಕಿ ನೋಡಲಿಲ್ಲ. ಪ್ರತಿದಿನ ಮಧ್ಯಾಹ್ನ ಕಪಿಲ ಸರ್ ಬಸ್ಸು ಹತ್ತಿದ ಮೇಲೆ ಕಾವೇರಿ ಟೀಚರು ಕೊರಳಿಗೆ ಟೇಪು ಹಾಕಿಕೊಂಡು, ಹಿಂದೆ ಇಪ್ಪತ್ತು ಹುಡುಗಿಯರ ಸಾಲು ಕಟ್ಟಿಕೊಂಡು ಆ ಕೋಣೆಗೆ ಹೋಗುತ್ತಾರೆ. ಪ್ರತಿ ಹುಡುಗಿಯ ಕಂಕುಳಲ್ಲಿ ಮಡಚಿದ ಒಂದು ಪ್ಲಾಸ್ಟಿಕ್ ಅಂಗಿ ಇರುತ್ತದೆ. ದತ್ತು ಮಾಸ್ತರರು ಆ ಹೊತ್ತಿಗೆ ಪೇಪರು ಅಡ್ಡ ಹಿಡಿದು ಓದುತ್ತಾರೆ. ಅವರ ಜೀವಮಾನದ ದೊಡ್ಡ ಉಪಕಾರ ಅದು.

ಎರಡು ವರ್ಷ ಕಳೆದವು. ಅಷ್ಟರಲ್ಲಿ ಎರಡು ತಂಡ ಹುಡುಗಿಯರು ಹತ್ತನೆಯದು ಮುಗಿಸಿ ಹೋದರು. ೨೦೦೬ರ ಜೂನಿನಲ್ಲಿ ಶಶಿಕಾಂತರಿಗೆ ಒಮ್ಮೆಲೇ ನೆನಪಾಯಿತು.

"ಏನ್ರೀ ಟೀಚರ್, ಆ ಗವಸು ಎಷ್ಟ ಆದೂ?"

ಕಾವೇರಿ ಟೀಚರು ಕೊರಳ ಟೇಪನ್ನು ಸರಿಪಡಿಸಿಕೊಂಡರು. ಬಾಗಿಲ ಹೊರಗೆ ಹೊಸ ವರ್ಷದ ಹುಡುಗಿಯರು ಚಪ್ಪಲಿ ಬಿಟ್ಟು ಕಾಯುತ್ತಿದ್ದರು.

"ಒಂದ ಆಗಿತ್ರಿ ಸಾಹೇಬ್ರ. ಅದೂ ಚೂರ ಬಿಗಿ ಆತ್ರಿ. ಬಿಚ್ಚಿ ಮತ್ತ ಮೊದಲಿಂದ ಅಳತಿ ತಗೊಳ್ಳಾಕತ್ತೇನಿ."